ನವೆಂಬರಿನಿಂದ ಕ್ರಿಸ್‌ಮಸ್ ಹಿಂದಿನ ಸಂಜೆಯವರೆಗೆ: ನಾರ್ತ್ ಕ್ಯಾರೊಲಿನಾದ ಒಂದು ಬ್ಯಾಪ್ಟಿಸ್ಟ್ ಸಭೆಯ ಹಬ್ಬದ ಸೇವೆಗಳು

ನಾರ್ತ್ ಕ್ಯಾರೊಲಿನಾದ ರಾಲಿ ನಗರದ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ನವೆಂಬರ್ ತಿಂಗಳಲ್ಲಿ ಚರ್ಚುಗಳಿಂದ ಆಹ್ವಾನಪತ್ರಗಳು ಬರತೊಡಗುತ್ತವೆ, ಅವುಗಳಲ್ಲಿ ಬ್ಯಾಪ್ಟಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಸಭೆಗಳವೂ ಸಾಕಷ್ಟಿರುತ್ತವೆ. ಅಲ್ಲಿಗೆ ಹೋಗಬಹುದೇ, ಹೋದರೆ ಹಣ ಕೇಳುತ್ತಾರೆಯೇ, ಮಕ್ಕಳನ್ನು ಕರೆದೊಯ್ಯಬಹುದೇ, ಮತ ಬದಲಿಸಿಕೊಳ್ಳಿ ಎಂಬ ಒತ್ತಾಯವಿರುತ್ತದೆಯೇ ಎಂದು ಹೊಸದಾಗಿ ಬಂದವರು ಕೇಳುತ್ತಲೇ ಇರುತ್ತಾರೆ. ನಮ್ಮ ಮನೆಗೆ ಹತ್ತಿರದಲ್ಲಿರುವ, ತೀರ ದೊಡ್ಡದೂ ಅಲ್ಲದ ಚಿಕ್ಕದೂ ಅಲ್ಲದ ಒಂದು ಬ್ಯಾಪ್ಟಿಸ್ಟ್ ಸಭೆಯ ಹಬ್ಬದ ದಿನಗಳ ಕೆಲಸಗಳಲ್ಲಿ ನಾವು ಕೆಲವು ವರ್ಷಗಳಿಂದ ಕೈಜೋಡಿಸುತ್ತ ಬಂದಿದ್ದೇವೆ. ಆ ಅನುಭವದ ಮೇಲೆ, ಯಾವುದು ಚೆನ್ನಾಗಿದೆ, ಯಾವುದು ಸುಧಾರಿಸಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಸಭೆಯ ಹೆಸರನ್ನು ಹೇಳುತ್ತಿಲ್ಲ, ಏಕೆಂದರೆ ಇಲ್ಲಿರುವ ಬಹುಪಾಲು ಮಾತು ಅದೇ ಪ್ರದೇಶದ ಇತರ ಸಭೆಗಳಿಗೂ ಸಲ್ಲುತ್ತದೆ.

ನಾನು ಬೆಳೆದದ್ದು ಧಾರವಾಡದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ನಮ್ಮಲ್ಲಿ ಹಸುಗೂಸಿಗೂ ದೀಕ್ಷಾಸ್ನಾನ ಉಂಟು, ಬಿಷಪ್ ಇದ್ದಾರೆ, ವರ್ಷದ ಹಬ್ಬಗಳಿಗೆ ಗೊತ್ತಾದ ಆರಾಧನಾಕ್ರಮವಿದೆ. ಬ್ಯಾಪ್ಟಿಸ್ಟರಲ್ಲಿ ತಾನಾಗಿ ವಿಶ್ವಾಸವನ್ನು ಒಪ್ಪಿಕೊಂಡವರಿಗೆ ಮಾತ್ರ, ಅದೂ ನೀರಿನಲ್ಲಿ ಪೂರ್ತಿ ಮುಳುಗಿಸಿ, ದೀಕ್ಷಾಸ್ನಾನ ಕೊಡುತ್ತಾರೆ. ಬಿಷಪ್ ಇಲ್ಲದಿರುವುದರಿಂದ ಪ್ರತಿಯೊಂದು ಸಭೆಯೂ ತನ್ನ ತೀರ್ಮಾನವನ್ನು ತಾನೇ ಮಾಡುತ್ತದೆ. ಹಾಗಾಗಿ ಒಂದು ಸಭೆಯಲ್ಲಿ ಕಂಡ ಕಾರ್ಯಕ್ರಮ ಮುಂದಿನ ಬೀದಿಯ ಸಭೆಯಲ್ಲಿ ಇಲ್ಲದಿರಬಹುದು. ಕ್ರಿಸ್‌ಮಸ್ಸನ್ನು ಇಷ್ಟು ಸಡಗರದಿಂದ ಆಚರಿಸುವುದು ಇವರಲ್ಲಿ ಮೊದಲಿನಿಂದ ಇದ್ದ ಪದ್ಧತಿಯೂ ಅಲ್ಲ. ಇವರ ಪೂರ್ವಿಕರು ಬಂದದ್ದು ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಪರಂಪರೆಯ ನೆರಳಿನಿಂದ. ಆ ಪ್ಯೂರಿಟನ್ನರ ಆಡಳಿತವಿದ್ದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ದಂಡ ಹಾಕುವ ಕಾನೂನೇ ಇತ್ತು. ಕನ್ನಡದವರಿಗೆ ಬ್ಯಾಪ್ಟಿಸ್ಟರ ನಂಟು ಹಳೆಯದು ಎಂಬುದನ್ನೂ ಇಲ್ಲಿ ನೆನೆಯಬೇಕು: ಬಂಗಾಳದ ಶ್ರೀರಾಮಪುರದಿಂದ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ವಿಲಿಯಂ ಕ್ಯಾರಿ ಬ್ಯಾಪ್ಟಿಸ್ಟ್ ಮಿಷನರಿಯಾಗಿದ್ದರು.

ಹಬ್ಬದ ಕೆಲಸ ಆರಂಭವಾಗುವುದು ಷೂ ಪೆಟ್ಟಿಗೆಗಳಿಂದ. ‘ಆಪರೇಷನ್ ಕ್ರಿಸ್‌ಮಸ್ ಚೈಲ್ಡ್’ ಎಂಬ ಈ ಯೋಜನೆ 1990ರಲ್ಲಿ ವೇಲ್ಸ್‌ನಲ್ಲಿ, ರೊಮೇನಿಯಾದ ಅನಾಥ ಮಕ್ಕಳಿಗೆ ಉಡುಗೊರೆ ಕಳುಹಿಸುವುದಕ್ಕಾಗಿ ಹುಟ್ಟಿತು. 1993ರಿಂದ ಅದನ್ನು ನಡೆಸುತ್ತಿರುವ ‘ಸಮಾರಿಟನ್ಸ್ ಪರ್ಸ್’ ಸಂಸ್ಥೆಯ ಕೇಂದ್ರ ಕಚೇರಿ ನಮ್ಮ ರಾಜ್ಯದ ಬೂನ್ ಪಟ್ಟಣದಲ್ಲಿದೆ. ಅದು ಬ್ಯಾಪ್ಟಿಸ್ಟರದೇ ಸಂಸ್ಥೆಯಲ್ಲ, ಆದರೆ ಬ್ಯಾಪ್ಟಿಸ್ಟ್ ಸಭೆಗಳು ದೊಡ್ಡ ಸಂಖ್ಯೆಯಲ್ಲಿ ಇದರಲ್ಲಿ ಪಾಲ್ಗೊಳ್ಳುತ್ತವೆ. ನವೆಂಬರಿನ ಮೂರನೆಯ ವಾರದಲ್ಲಿ ಎಲ್ಲ ಕಡೆ ಪೆಟ್ಟಿಗೆಗಳನ್ನು ಸಂಗ್ರಹಿಸುವುದರಿಂದ ಅದಕ್ಕೆ ಸ್ವಲ್ಪ ಮೊದಲು ಸಭಾಗೃಹದ ಹಿಂದಿನ ದೊಡ್ಡ ಕೋಣೆಯಲ್ಲಿ ಉದ್ದನೆಯ ಮೇಜುಗಳನ್ನು ಹಾಕಿ, ಪೆನ್ಸಿಲ್, ನೋಟುಪುಸ್ತಕ, ಸೋಪು, ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಗೊಂಬೆ, ಚೆಂಡುಗಳನ್ನು ಸಾಲಾಗಿ ಜೋಡಿಸಿಡುತ್ತಾರೆ. ಎರಡರಿಂದ ನಾಲ್ಕು, ಐದರಿಂದ ಒಂಬತ್ತು, ಹತ್ತರಿಂದ ಹದಿನಾಲ್ಕು ಎಂದು ವಯಸ್ಸಿನ ಮೂರು ಗುಂಪುಗಳಿವೆ. ಹುಡುಗನಿಗೋ ಹುಡುಗಿಗೋ ಎಂದು ಗುರುತು ಹಾಕಿ, ಪೆಟ್ಟಿಗೆಯನ್ನು ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಸಾಗಬೇಕು. ಮಿಠಾಯಿ, ಟೂತ್‌ಪೇಸ್ಟ್, ದ್ರವಪದಾರ್ಥ, ಬಳಸಿದ ಸಾಮಾನು, ಯುದ್ಧದ ಆಟಿಕೆ ಇವು ಸಲ್ಲುವುದಿಲ್ಲ. ಕಾಲ್ಚೆಂಡನ್ನು ಗಾಳಿ ತೆಗೆದು ಚಪ್ಪಟೆ ಮಾಡಿ, ಜೊತೆಗೆ ಪುಟ್ಟ ಪಂಪನ್ನು ಇಟ್ಟು ಕಳುಹಿಸುತ್ತಾರೆ. ಮುಚ್ಚಳಕ್ಕೆ ಟೇಪು ಅಂಟಿಸುವುದಿಲ್ಲ, ಮುಂದೆ ತಪಾಸಣೆ ಇರುವುದರಿಂದ ರಬ್ಬರ್ ಬ್ಯಾಂಡ್ ಮಾತ್ರ ಹಾಕುತ್ತಾರೆ. ಸಾಗಣೆಯ ವೆಚ್ಚಕ್ಕೆಂದು ಪೆಟ್ಟಿಗೆಯೊಂದಕ್ಕೆ 10 ಡಾಲರ್ ಕೊಡಬೇಕೆಂಬುದು ಸಂಸ್ಥೆಯ ಸೂಚನೆ.

ಮಕ್ಕಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಂಜೆ ಇನ್ನೊಂದಿಲ್ಲ. ತನ್ನ ವಯಸ್ಸಿನ ಬೇರೊಂದು ಮಗುವಿಗೆ ಏನು ಬೇಕಾದೀತು ಎಂದು ನಮ್ಮ ಮಕ್ಕಳು ಅಷ್ಟು ಹೊತ್ತು ಯೋಚಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೂ ಎರಡು ಮಾತನ್ನು ತಂದೆತಾಯಿಗಳು ಮೊದಲೇ ತಿಳಿದಿರಬೇಕು. ಈ ಪೆಟ್ಟಿಗೆಗಳು ಸುವಾರ್ತಾಸೇವೆಯ ಭಾಗ. ಅವನ್ನು ಹಂಚುವ ಸ್ಥಳೀಯ ಸಭೆಗಳು ಮಕ್ಕಳಿಗೆ ಯೇಸುವಿನ ಕಥೆಯನ್ನು ಹೇಳುತ್ತವೆ, ಇಷ್ಟಪಟ್ಟ ಮಕ್ಕಳಿಗೆ ಹನ್ನೆರಡು ಪಾಠಗಳ ತರಗತಿಯನ್ನೂ ನಡೆಸುತ್ತವೆ. ಸಂಸ್ಥೆ ಇದನ್ನು ಮುಚ್ಚಿಟ್ಟಿಲ್ಲ, ಆದರೆ ನಮ್ಮ ಸಭೆಯ ಆಹ್ವಾನಪತ್ರದಲ್ಲಿ ‘ಬಡ ಮಕ್ಕಳಿಗೆ ಉಡುಗೊರೆ’ ಎಂದಷ್ಟೇ ಇತ್ತು. ಹಿಂದೂ, ಮುಸ್ಲಿಂ, ಜೈನ ನೆರೆಯವರನ್ನು ಕರೆಯುವಾಗ ಪೂರ್ಣ ಮಾತನ್ನು ಬರೆಯುವುದೇ ಸರಿ. ಇನ್ನೊಂದು, ಸಾಗರದಾಚೆಯ ಮಗುವಿನ ಅಗತ್ಯ ನಮಗೆ ಗೊತ್ತಿರುವುದಿಲ್ಲ. ಅಲ್ಲಿನ ಅಂಗಡಿಯಲ್ಲಿಯೇ ಕೊಂಡರೆ ಅಲ್ಲಿನ ವ್ಯಾಪಾರಿಗೂ ಲಾಭವಾಗುತ್ತಿತ್ತು ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ.

ಈ ಕೊರತೆ ಸ್ವಲ್ಪವೂ ಕಾಣದ ಸೇವೆಯೆಂದರೆ ‘ಏಂಜಲ್ ಟ್ರೀ’. ಸೆರೆಮನೆಯಲ್ಲಿರುವ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಅವರ ಮಕ್ಕಳಿಗೆ ಉಡುಗೊರೆ ತಲುಪಿಸುವ ಯೋಜನೆಯಿದು. ಸ್ವತಃ ಸೆರೆವಾಸ ಅನುಭವಿಸಿದ್ದ ಮೇರಿ ಕೇ ಬಿಯರ್ಡ್ ಎಂಬುವರು 1982ರಲ್ಲಿ ಅಲಬಾಮಾದಲ್ಲಿ, ‘ಪ್ರಿಸನ್ ಫೆಲೋಶಿಪ್’ ಸಂಸ್ಥೆಯ ಕೆಲಸದಲ್ಲಿದ್ದಾಗ, ಇದನ್ನು ಆರಂಭಿಸಿದರು. ಸೆರೆಯಲ್ಲಿರುವ ತಂದೆಯೋ ತಾಯಿಯೋ ಅರ್ಜಿ ತುಂಬಿ ಕೊಡುತ್ತಾರೆ, ಸಂಸ್ಥೆ ಆ ಅರ್ಜಿಗಳನ್ನು ಮಕ್ಕಳ ಮನೆಗೆ ಹತ್ತಿರದ ಸಭೆಗಳಿಗೆ ಒಪ್ಪಿಸುತ್ತದೆ. ಸಭೆಯ ಸ್ವಯಂಸೇವಕರು ಮಗುವನ್ನು ಸಾಕುತ್ತಿರುವ ಅಜ್ಜಿಗೋ ಚಿಕ್ಕಮ್ಮನಿಗೋ ಫೋನು ಮಾಡಿ ಅಂಗಿಯ ಅಳತೆ, ಬೂಟಿನ ಅಳತೆ, ಮಗುವಿನ ಆಸೆ ಇವನ್ನು ಕೇಳಿ ಬರೆದುಕೊಳ್ಳುತ್ತಾರೆ. ಆ ವಿವರವುಳ್ಳ ಕಾಗದದ ದೇವದೂತರು ಸಭಾಗೃಹದ ಹೊರಮೊಗಸಾಲೆಯ ಕ್ರಿಸ್‌ಮಸ್ ಮರದಲ್ಲಿ ತೂಗುತ್ತಿರುತ್ತಾರೆ, ನಮಗೆ ಆಗುವಷ್ಟನ್ನು ಬಿಡಿಸಿಕೊಂಡು ಹೋಗಬೇಕು.

ನಾವು ಬಿಡಿಸಿಕೊಂಡ ಒಂದು ಚೀಟಿಯಲ್ಲಿ ಏಳು ವರ್ಷದ ಹುಡುಗನೊಬ್ಬ ಚಳಿಗಾಲದ ಕೋಟನ್ನೂ ಬಣ್ಣದ ಪೆನ್ಸಿಲುಗಳನ್ನೂ ಬಯಸಿದ್ದ. ಕೋಟಿನ ಅಳತೆಯ ಮುಂದೆ, ಸ್ವಯಂಸೇವಕಿಯ ಕೈಬರಹದಲ್ಲಿ, ‘ತೋಳು ಸ್ವಲ್ಪ ಉದ್ದವಿರಲಿ, ಬೇಗ ಬೆಳೆಯುತ್ತಿದ್ದಾನೆ ಎಂದು ಅಜ್ಜಿ ಹೇಳಿದ್ದಾರೆ’ ಎಂಬ ಸೂಚನೆಯಿತ್ತು. ಉಡುಗೊರೆಯ ಮೇಲೆ ಕೊಂಡವರ ಹೆಸರನ್ನು ಬರೆಯುವಂತಿಲ್ಲ. ಅದು ಅಪ್ಪನಿಂದ ಬಂದ ಉಡುಗೊರೆ, ಅಪ್ಪ ಬರೆದು ಕಳುಹಿಸಿದ ನಾಲ್ಕು ಸಾಲುಗಳೇ ಅದರೊಡನೆ ಮಗುವನ್ನು ತಲುಪುತ್ತವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಆಚರಣೆಗೆ ಬರುವುದು ಇಂಥಲ್ಲಿ. ಕೊಟ್ಟವರು ಕೃತಜ್ಞತೆಯನ್ನು ಕಾಯುವುದಿಲ್ಲ, ಪಡೆದ ಮಗು ಯಾರಿಗೂ ತಲೆಬಾಗಬೇಕಿಲ್ಲ, ದೂರದ ಅಪ್ಪನ ಮರ್ಯಾದೆ ಮನೆಯಲ್ಲಿ ಉಳಿಯುತ್ತದೆ. ಈ ಸಭೆ ಮಾಡುವ ಎಲ್ಲ ಕೆಲಸಗಳಲ್ಲಿ ನನ್ನ ಪೂರ್ಣ ಅಂಕ ಇದಕ್ಕೆ. ಒಂದೇ ದೂರೆಂದರೆ, ಚೀಟಿಗಳನ್ನು ತೂಗುಹಾಕುವುದು ತಡವಾಗುತ್ತದೆ. ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಹಾಕಿದರೆ ಅಂಗಡಿಗಳಲ್ಲಿ ಮಕ್ಕಳ ಕೋಟುಗಳ ಅಳತೆ ಸಿಗುವುದೇ ಕಷ್ಟವಾಗುತ್ತದೆ.

ಥ್ಯಾಂಕ್ಸ್‌ಗಿವಿಂಗ್ ವಾರದ ಆಹಾರ ವಿತರಣೆಯಲ್ಲಿ ನಮ್ಮವರು ಗಮನಿಸಬೇಕಾದ ಸಂಗತಿ ಬೇರೆ. ಡಬ್ಬಿಯ ಬೀನ್ಸ್, ಕ್ರ್ಯಾನ್‌ಬೆರಿ, ಮೆಕ್ಕೆಜೋಳದ ಹಿಟ್ಟಿನ ಪೊಟ್ಟಣ, ಗೆಣಸು, ಟರ್ಕಿ ಕೋಳಿ ಇವನ್ನು ತುಂಬಿದ ಪೆಟ್ಟಿಗೆಗಳನ್ನು ಕಾರಿನ ಡಿಕ್ಕಿಗೇ ತಂದಿಡುತ್ತಾರೆ, ಯಾವ ಪುರಾವೆಯನ್ನೂ ಕೇಳುವುದಿಲ್ಲ. ಅಮೆರಿಕದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವ ರಾಜ್ಯ ಇದಾದ್ದರಿಂದ ಗೆಣಸಿಗೆ ಮಾತ್ರ ಕೊರತೆಯಿಲ್ಲ. ಆದರೆ ಎಲ್ಲರಿಗೂ ಒಂದೇ ಪೆಟ್ಟಿಗೆ ಎಂಬ ಪದ್ಧತಿಯಲ್ಲಿ ಸಸ್ಯಾಹಾರಿಗಳಿಗೂ, ಟರ್ಕಿಯನ್ನು ಬೇಯಿಸಲು ದೊಡ್ಡ ಒಲೆಯಿಲ್ಲದ ಬಾಡಿಗೆ ಕೋಣೆಯವರಿಗೂ ಅರ್ಧ ಪೆಟ್ಟಿಗೆ ವ್ಯರ್ಥವಾಗುತ್ತಿತ್ತು. ಈ ವಿಷಯವನ್ನು ಹೇಳಿದ ಮೇಲೆ ಅಕ್ಕಿ, ಬೇಳೆ, ಎಣ್ಣೆ ಇರುವ ಇನ್ನೊಂದು ಬಗೆಯ ಪೆಟ್ಟಿಗೆಯನ್ನು ಸೇರಿಸಿದರು. ಜನ ತಾವೇ ಆರಿಸಿಕೊಳ್ಳುವ ವ್ಯವಸ್ಥೆ ಬಂದರೆ ಇನ್ನೂ ಒಳ್ಳೆಯದು. ಬೇರೆ ಕೆಲವು ಸಭೆಗಳ ಆಹಾರ ಭಂಡಾರಗಳು ವರ್ಷವಿಡೀ ಹಾಗೆಯೇ ನಡೆಯುತ್ತವೆ.

ಅವಲಂಬಿತ ವೀಸಾದಲ್ಲಿ ಬಂದವರಿಗೆ, ಮಕ್ಕಳ ಮನೆಗೆ ಬಂದಿರುವ ಹಿರಿಯರಿಗೆ ಇಲ್ಲಿನ ಇಂಗ್ಲಿಷ್ ಸಂಭಾಷಣಾ ತರಗತಿ ನಿಜವಾಗಿಯೂ ಉಪಯುಕ್ತ. ಶುಲ್ಕವಿಲ್ಲ, ಅದೇ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ನೋಡಿಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಈ ತರಗತಿಯವರೆಲ್ಲ ತಮ್ಮ ತಮ್ಮ ದೇಶದ ಅಡುಗೆಯನ್ನು ತಂದು ಒಟ್ಟಾಗಿ ಉಣ್ಣುವ ಸಂಜೆಯಿದೆ. ಒಮ್ಮೆ ಅಲ್ಲಿ ಬಿಸಿಬೇಳೆ ಭಾತ್ ಕೊರಿಯಾದ ಕಿಮ್ಚಿಯ ಪಕ್ಕದಲ್ಲಿ, ವೆನೆಜುವೆಲಾದ ಅರೆಪಾದ ಎದುರಿನಲ್ಲಿತ್ತು. ಮೈಸೂರಿನಿಂದ ಬಂದಿದ್ದ ಅಜ್ಜಿಯೊಬ್ಬರು, ವಾರಗಟ್ಟಲೆ ತರಗತಿಯಲ್ಲಿ ಬಾಯಿ ತೆರೆಯದಿದ್ದವರು, ಅದಕ್ಕೆ ಏನೇನು ಹಾಕಬೇಕೆಂದು ಎಪ್ಪತ್ತು ದಾಟಿದ ತಮ್ಮ ಶಿಕ್ಷಕಿಗೆ ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳಿದರು. ಶಿಕ್ಷಕಿ ಎಲ್ಲೂ ತಿದ್ದದೆ, ಹುಣಸೆಹಣ್ಣು ಎಲ್ಲಿ ಸಿಗುತ್ತದೆ ಎಂದು ಮಾತ್ರ ಕೇಳಿದರು.

ಕಾರಿನಲ್ಲಿ ಕುಳಿತೇ ನೋಡುವ ಜೀವಂತ ಗೋದಲಿಯ, ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ದೃಶ್ಯದ, ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಲುಗಡೆಯ ಮೈದಾನದ ಸುತ್ತ ಬೆತ್ಲೆಹೇಮಿನ ದೃಶ್ಯಗಳನ್ನು ಕಟ್ಟಿ, ನಿಲುವಂಗಿ ತೊಟ್ಟ ಸಭೆಯವರೇ ಕುರುಬರಾಗಿ, ಜ್ಞಾನಿಗಳಾಗಿ ನಿಲ್ಲುತ್ತಾರೆ, ಕುರಿ ಕತ್ತೆಗಳೂ ಇರುತ್ತವೆ, ಕಥೆಯನ್ನು ಕಾರಿನ ರೇಡಿಯೊದಲ್ಲಿ ಕೇಳಬಹುದು. ಚಿಕ್ಕ ಮಕ್ಕಳಿಗೆ ಸಂತೋಷ, ದೊಡ್ಡವರಿಗೆ ರಸ್ತೆಯ ಸಾಲಿನಲ್ಲಿ ಕಾಯುವ ತಾಳ್ಮೆ ಬೇಕು. ಮಂಗಳೂರಿನ ಮನೆಮನೆಯ ಗೋದಲಿಗಳನ್ನು ಹತ್ತಿರ ನಿಂತು ನೋಡಿದವರಿಗೆ ಗಾಜಿನ ಹಿಂದಿನಿಂದ ನೋಡುವುದು ಸಪ್ಪೆಯೆನಿಸಬಹುದು.

ಕಾಣಿಕೆಯ ವಿಷಯ ಬಹಳ ಜನ ಕೇಳುವಂಥದ್ದು. ಡಿಸೆಂಬರಿನಲ್ಲಿ ಸದರ್ನ್ ಬ್ಯಾಪ್ಟಿಸ್ಟ್ (ಅಮೆರಿಕದ ಬ್ಯಾಪ್ಟಿಸ್ಟರ ಅತಿ ದೊಡ್ಡ ಒಕ್ಕೂಟ) ಸಭೆಗಳು ಹೊರದೇಶದ ಮಿಷನರಿಗಳಿಗಾಗಿ ಲಾಟಿ ಮೂನ್ ಹೆಸರಿನ ವಿಶೇಷ ಕಾಣಿಕೆಯನ್ನು ಎತ್ತುತ್ತವೆ. ವರ್ಜೀನಿಯಾದ ಈ ಶಿಕ್ಷಕಿ 1873ರಲ್ಲಿ ಚೀನಾಕ್ಕೆ ಹೋದರು. ತಮ್ಮನ್ನು ಕಂಡು ಹೆದರುತ್ತಿದ್ದ ಅಲ್ಲಿನ ಮಕ್ಕಳಿಗೆ ಬಿಸ್ಕತ್ತು ಸುಟ್ಟುಕೊಟ್ಟು ಸ್ನೇಹ ಗಳಿಸಿದರೆಂದು ಸಭೆಯ ಹಿರಿಯ ಹೆಂಗಸರು ಇಂದಿಗೂ ಹೇಳುತ್ತಾರೆ. ಅವರ ಪತ್ರಗಳ ಪ್ರೇರಣೆಯಿಂದ 1888ರಲ್ಲಿ ಹೆಂಗಸರು ಎತ್ತಿದ ಮೊದಲ ಕ್ರಿಸ್‌ಮಸ್ ಕಾಣಿಕೆ 3,315 ಡಾಲರ್ ಆಗಿತ್ತು. ಲಾಟಿ ಮೂನ್ 1912ರ ಡಿಸೆಂಬರ್ 24ರಂದು, ಊರಿಗೆ ಮರಳುವ ದಾರಿಯಲ್ಲಿ, ಜಪಾನಿನ ಕೋಬೆ ಬಂದರಿನಲ್ಲಿ ನಿಂತಿದ್ದ ಹಡಗಿನಲ್ಲಿ ತೀರಿಕೊಂಡರು. ಅತಿಥಿಗಳಾಗಿ ಹೋದವರು ಈ ಕಾಣಿಕೆಗೆ ಹಣ ಹಾಕಬೇಕಾಗಿಲ್ಲ, ತಟ್ಟೆ ನಮ್ಮ ಸಾಲಿಗೆ ಬಂದಾಗ ಮುಂದಕ್ಕೆ ದಾಟಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಅದು ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ಪ್ರತಿ ಬಾರಿಯೂ ವೇದಿಕೆಯಿಂದ ಹೇಳುತ್ತಾರೆ, ಈ ನೇರ ನಡವಳಿಕೆ ನನಗೆ ಮೆಚ್ಚುಗೆಯಾಗಿದೆ.

24ರ ಸಂಜೆಯ ಮೇಣದಬತ್ತಿಯ ಆರಾಧನೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಎಲ್ಲರಿಗೂ ಕಾಗದದ ತಟ್ಟೆ ಸಿಕ್ಕಿಸಿದ ಬತ್ತಿ ಕೊಡುತ್ತಾರೆ. ಉರಿಯುವ ಬತ್ತಿಯನ್ನು ನೆಟ್ಟಗೆ ಹಿಡಿದು, ಉರಿಯದ ಬತ್ತಿಯನ್ನೇ ಅದರತ್ತ ಬಾಗಿಸಬೇಕೆಂದು ಮೊದಲೇ ತಿಳಿಸುವುದರಿಂದ ಬಿಸಿ ಮೇಣ ಯಾರ ಕೈಮೇಲೂ ಬೀಳುವುದಿಲ್ಲ. ವೃದ್ಧರಿಗೆ ಬಾಗಿಲ ಬಳಿಯೇ ಆಸನಗಳಿವೆ. ಆದರೆ ಕರ್ನಾಟಕದ ಕ್ರೈಸ್ತ ಕುಟುಂಬಗಳಿಗೆ ದೊಡ್ಡ ನಿರಾಶೆ ಕಾದಿರುವುದು ಮರುದಿನ. 25ರ ಬೆಳಿಗ್ಗೆ ಹೊಸ ಬಟ್ಟೆ ತೊಟ್ಟು ಆರಾಧನೆಗೆ ಹೋಗುವುದು ನಮ್ಮ ಹಬ್ಬದ ತಿರುಳು, ಇಲ್ಲಿ ಆ ದಿನ ಭಾನುವಾರವಲ್ಲದಿದ್ದರೆ ಸಭಾಗೃಹದ ಬಾಗಿಲು ಮುಚ್ಚಿರುತ್ತದೆ, ಎಲ್ಲರೂ ಮನೆಯವರೊಂದಿಗೆ ಇರುತ್ತಾರೆ. ದೂರದ ಊರುಗಳಿಂದ ಬಂದ ವಿದ್ಯಾರ್ಥಿಗಳಿಗೂ ಒಂಟಿಯಾಗಿರುವ ಹಿರಿಯರಿಗೂ ವರ್ಷದ ಅತಿ ನಿರ್ಜನ ದಿನ ಅದೇ. ಒಂದೂವರೆ ತಿಂಗಳು ಇಷ್ಟು ದುಡಿಯುವ ಸಭೆ ಆ ಮಧ್ಯಾಹ್ನ ಒಂದು ಊಟದ ಕೋಣೆಯನ್ನು ತೆರೆದಿಡಬೇಕೆಂದು ನಾನು ಮನಃಪೂರ್ವಕವಾಗಿ ಕೇಳಿಕೊಂಡಿದ್ದೇನೆ, ಇನ್ನೂ ಆಗಿಲ್ಲ.

ಒತ್ತಾಯದ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಸುವಾರ್ತೆಯನ್ನು ಹೇಳುವುದು ಕರ್ತವ್ಯವೆಂದು ಇವರು ನಂಬುತ್ತಾರೆ, ಆದ್ದರಿಂದ ಹೇಳಿಯೇ ಹೇಳುತ್ತಾರೆ. ಆಹಾರದ ಪೆಟ್ಟಿಗೆಯೊಡನೆ ಒಂದು ಕರಪತ್ರವಿರುತ್ತದೆ, ತರಗತಿಯ ಕೊನೆಯಲ್ಲಿ ಚಿಕ್ಕ ಪ್ರಾರ್ಥನೆಯಿರುತ್ತದೆ. ಬೇಡವೆಂದರೆ ಮತ್ತೆ ಕೇಳಿದ್ದನ್ನು ನಾನು ಕಂಡಿಲ್ಲ, ಬೇಡವೆಂದವರ ಪೆಟ್ಟಿಗೆ ಹಗುರವಾದದ್ದನ್ನೂ ಕಂಡಿಲ್ಲ. ಮಕ್ಕಳ ಕಾರ್ಯಕ್ರಮಗಳಲ್ಲಿ ಮಾತ್ರ ಬೈಬಲಿನ ಕಥೆ, ಹಾಡು ಎಲ್ಲವೂ ಸೇರಿಕೊಂಡಿರುವುದರಿಂದ ಅಂಥದ್ದು ಬೇಡವೆನ್ನುವ ತಂದೆತಾಯಿಗಳು ಮಕ್ಕಳನ್ನು ಬಿಟ್ಟುಹೋಗದೆ ಜೊತೆಯಲ್ಲಿದ್ದು ನೋಡಿ ನಿರ್ಧರಿಸುವುದು ಒಳಿತು.

ಮೊದಲ ಬಾರಿ ಹೋಗುವವರು ಇಂಗ್ಲಿಷ್ ತರಗತಿಯ ಊಟದಿಂದ ಆರಂಭಿಸಿದರೆ ಜನರ ಪರಿಚಯ ಬೇಗ ಆಗುತ್ತದೆ. ತಂದ ಅಡುಗೆಯ ಮುಂದೆ ಅದರಲ್ಲಿ ಏನೇನಿದೆ ಎಂದು ಬರೆದ ಚೀಟಿ ಇಡುವ ಪದ್ಧತಿ ಇರುವುದರಿಂದ ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ, ಮೊಟ್ಟೆಯ ವಿಷಯವನ್ನು ಮಾತ್ರ ಬಾಯಿಬಿಟ್ಟು ಕೇಳಬೇಕು. ಏಂಜಲ್ ಟ್ರೀ ಚೀಟಿ ಬೇಕಾದವರು ಡಿಸೆಂಬರಿನ ಮೊದಲ ಭಾನುವಾರದೊಳಗೆ ಹೋಗಬೇಕು, ಆಮೇಲೆ ಮರದಲ್ಲಿ ಹದಿಹರೆಯದವರ ಚೀಟಿಗಳಷ್ಟೇ ಉಳಿದಿರುತ್ತವೆ. ಅವನ್ನೂ ಯಾರಾದರೂ ಬಿಡಿಸಿಕೊಳ್ಳಲೇಬೇಕು. ಹದಿನಾರರ ಹುಡುಗಿಗೆ ಏನು ಕೊಡಬೇಕೆಂದು ತೋಚದಿದ್ದರೆ ಮೇಜಿನ ಬಳಿ ಕುಳಿತಿರುವ ಸ್ವಯಂಸೇವಕಿಯನ್ನು ಕೇಳಿ, ಅವರು ಆ ಮನೆಗೆ ಇನ್ನೊಮ್ಮೆ ಫೋನು ಮಾಡಿ ವಿಚಾರಿಸುತ್ತಾರೆ.