ಹೊರಗೆ ಒಂದೇ ಯೂನಿಟ್ಟೋ, ಎರಡೋ?

ಬೆಟ್ಟದ ಮೇಲಿನ ನಮ್ಮ ಮನೆಗೆ ಮೊದಲು ಹಾಕಿಸಿದ್ದು ಮಲ್ಟಿ ಸ್ಪ್ಲಿಟ್ ಏಸಿ, ಬೇಸಿಗೆಗೆ ತಂಪು, ಚಳಿಗೆ ಬಿಸಿ ಎರಡೂ ಮಾಡುವಂಥದ್ದು. ಹೊರಗೆ ಒಂದು ದೊಡ್ಡ ಯೂನಿಟ್, ಒಳಗೆ ಮೂರು ಕೋಣೆಗೆ ಮೂರು. ಡಬ್ಬ ಒಂದೇ ಇದ್ದರೆ ನೋಡೋಕೂ ಚೆಂದ ಅಂತ ಒಪ್ಪಿದ್ದೆ. ಮೂರು ಚಳಿಗಾಲ ಕಳೆದ ಮೇಲೆ ಅದನ್ನು ತೆಗೆಸಿ, ಹೊರಗೊಂದು ಒಳಗೊಂದು ಯೂನಿಟ್ ಇರುವ ಬೇರೆಬೇರೆ ಎರಡು ಸ್ಪ್ಲಿಟ್ ಹಾಕಿಸಿದೆ. ಹಾಲ್‌ಗೊಂದು, ಮಲಗುವ ಕೋಣೆಗೊಂದು.

ಬೇಸಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆಟ್ಟದಲ್ಲಿ ತಂಪು ಮಾಡುವ ಕೆಲಸ ಎಷ್ಟಿರುತ್ತದೆ ಹೇಳಿ.

ಬಣ್ಣ ಬಯಲಾಗಿದ್ದು ಚಳಿಯಲ್ಲಿ. ರಾತ್ರಿ ಬೆಚ್ಚಗಿರಬೇಕಾದ್ದು ಮಲಗುವ ಕೋಣೆಯೊಂದೇ. ಮಲ್ಟಿಯ ಕಂಪ್ರೆಸರ್ ಮೂರು ಕೋಣೆಯ ಲೆಕ್ಕದ್ದು. ಎಷ್ಟೇ ನಿಧಾನಕ್ಕೆ ತಿರುಗಿದರೂ ಆ ಪುಟ್ಟ ಕೋಣೆಗೆ ಅದರ ಬಿಸಿ ಜಾಸ್ತಿಯೇ. ಹಾಗಾಗಿ ಎಂಟು ನಿಮಿಷ ಓಡಿ ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಕತ್ತಲಲ್ಲಿ ಮಲಗಿಕೊಂಡು ಆ ಗರ್ರ್ ಸದ್ದನ್ನು ಎಣಿಸಿದ್ದೇನೆ. ಕಂಪ್ರೆಸರ್‌ನ ವೇಗ ಏರಿಸಿ ಇಳಿಸುವ ಇನ್ವರ್ಟರ್ ಇರುವುದೇ ಸಣ್ಣಗೆ, ಒಂದೇ ಸಮನೆ ಓಡೋಕೆ, ಅಲ್ವಾ? ಹೀಗೆ ನಿಂತು ನಿಂತು ಹೊರಟರೆ ಕರೆಂಟ್ ಉಳಿಯುವುದೆಲ್ಲಿಂದ? ಅದೂ ಸಾಲದು ಅಂತ, ಆಫ್ ಮಾಡಿದ ಕೋಣೆಯ ಯೂನಿಟ್ ಮುಟ್ಟಿದರೆ ಉಗುರುಬೆಚ್ಚಗೆ. ಬಿಸಿ ಗ್ಯಾಸ್ ಅಲ್ಲಿಗೂ ಸ್ವಲ್ಪ ಹರಿಯುತ್ತಿತ್ತು.

ಇನ್ನು ಡಿಫ್ರಾಸ್ಟ್. ಹೊರಗಿನ ಯೂನಿಟ್‌ನ ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಕೊಳವೆಗಳ ಮೇಲೆ ಹಿಮ ಕಟ್ಟಿದಾಗ ಯಂತ್ರ ಕೆಲವು ನಿಮಿಷ ಉಲ್ಟಾ ಓಡಿ ಅದನ್ನು ಕರಗಿಸುತ್ತದೆ. ಮಲ್ಟಿಯಲ್ಲಿ ಅಷ್ಟು ಹೊತ್ತೂ ಇಡೀ ಮನೆಗೆ ಬಿಸಿಗಾಳಿ ಬಂದ್. ಈಗ ಒಂದು ನಿಂತರೂ ಇನ್ನೊಂದು ಓಡುತ್ತಿರುತ್ತದೆ. ಕೆಟ್ಟರೂ ಒಂದೇ ಕೆಡುತ್ತದೆ. ಮೂರನೇ ಕೋಣೆಗೆ ಮಾತ್ರ ಈಗ ಯಂತ್ರವಿಲ್ಲ, ಬಾಗಿಲು ತೆರೆದಿಟ್ಟು ಸುಧಾರಿಸುತ್ತೇವೆ. ಹೊರಗೆ ಎರಡು ಸ್ಟ್ಯಾಂಡ್, ಎರಡು ಕರೆಂಟ್ ಲೈನ್ ಬೇಕಾದವು. ನನಗೆ ಅದು ದೊಡ್ಡ ನಷ್ಟ ಅನ್ನಿಸಲಿಲ್ಲ.

ಹಾಲ್‌ಗೆ ಈ ಸಲ ನೆಲದ ಹತ್ತಿರ ಕೂರಿಸುವ ಮಾದರಿ ಹಾಕಿಸಿದೆ. ಹಳೆಯದು ಗೋಡೆಯ ಮೇಲಿತ್ತು. ಬಿಸಿಗಾಳಿ ಮೇಲೇ ನಿಂತು, ಅಲ್ಲಿನ ಸೆನ್ಸರ್ ಕೋಣೆ ಬೆಚ್ಚಗಾಯಿತು ಅಂದುಕೊಳ್ಳುತ್ತಿತ್ತು. ಕೆಳಗೆ ನಾವು ಎರಡು ಜೊತೆ ಕಾಲುಚೀಲದಲ್ಲಿ! ಈಗ ಗಾಳಿ ನೇರ ಪಾದಕ್ಕೆ ಬರುತ್ತದೆ. ತಂಪಿಗೆ ಮಾತ್ರ ಗೋಡೆಯದೇ ವಾಸಿ.

ಕೊಳ್ಳುವಾಗ ಟನ್, ಅಂದರೆ ತಂಪು ಮಾಡುವ ಶಕ್ತಿಯ ಅಳತೆ, ಅದೊಂದನ್ನೇ ನೋಡಬೇಡಿ. ಬಿಸಿ ಮಾಡುವ ಶಕ್ತಿ ಅಂತ ಡಬ್ಬದ ಮೇಲೆ ಬರೆದಿರುವುದು ಸಾಮಾನ್ಯವಾಗಿ ಹೊರಗೆ 7 ಡಿಗ್ರಿ ಸುಮಾರು ಇದ್ದಾಗಿನ ಲೆಕ್ಕ. ಮೈನಸ್ 15ರಲ್ಲಿ ಎಷ್ಟು ಉಳಿಯುತ್ತದೆ ಅಂತ ಪಟ್ಟಿ ಕೇಳಿ ನೋಡಿ. 2000 ಮೀಟರ್ ಎತ್ತರದಲ್ಲಿ ಗಾಳಿಯೂ ಸುಮಾರು 18 ಶೇಕಡಾ ತೆಳು. ಫ್ಯಾನ್ ಅಷ್ಟೇ ತಿರುಗಿದರೂ ಕಾಯಿಲ್‌ಗೆ ಸಿಗುವ ಗಾಳಿ ಕಡಿಮೆ. ಆ ಕೊರತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೊರಗಿನ ಯೂನಿಟ್‌ನ ತಳಕ್ಕೂ ಒಂದು ಹೀಟರ್ ಬರುತ್ತದೆ. ಮಲಗುವ ಕೋಣೆಯದಕ್ಕೆ ಬೇಡ ಅಂದಿದ್ದೆ, ಸುಮ್ನೆ ಜಿಪುಣತನ. ಕರಗಿದ ನೀರು ತಳದಲ್ಲೇ ಗಡ್ಡೆ ಕಟ್ಟಿ, ಒಂದು ಬೆಳಗಿನ ಜಾವ ಫ್ಯಾನ್ ರೆಕ್ಕೆಗೆ ತಾಗಿ ಟಕಟಕ ಶುರುವಾಯಿತು. ಮಾರನೇ ವಾರವೇ ಅದಕ್ಕೂ ಹಾಕಿಸಿದೆ.