ಅತ್ತೆಯ ಕೌನ್ಸಿಲ್ ಫ್ಲ್ಯಾಟ್, ದೊಡ್ಡಮ್ಮನ ಪ್ರೈವೇಟ್ ಫ್ಲ್ಯಾಟ್: ಇಂಗ್ಲೆಂಡಿನಲ್ಲಿ ನಾವು ಕಂಡ ವ್ಯತ್ಯಾಸ

ಇಂಗ್ಲೆಂಡಿನಲ್ಲಿ ವಯಸ್ಸಾದವರಿಗೆ ಮನೆ ನೋಡುವುದಾದರೆ ನನ್ನ ಓಟು ಕೌನ್ಸಿಲ್‌ನ ಶೆಲ್ಟರ್ಡ್ ಫ್ಲ್ಯಾಟ್‌ಗೇ. ಕೌನ್ಸಿಲ್ ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತ; ಶೆಲ್ಟರ್ಡ್ ಅಂದರೆ ವಯಸ್ಸಾದವರಿಗೆಂದೇ ಇರುವ, ತುರ್ತಿಗೆ ಅಲಾರ್ಮ್ ಇರುವ ಮನೆ. ನಮ್ಮ ಅತ್ತೆ ಇರುವುದು ಅಂಥದ್ದರಲ್ಲಿ, ಬಾಡಿಗೆಗೆ. ದೊಡ್ಡಮ್ಮ ಮಾತ್ರ ತಮ್ಮ ಮನೆ ಮಾರಿ, ಖಾಸಗಿ ಕಂಪನಿಯೊಂದು ಕಟ್ಟಿದ ರಿಟೈರ್ಮೆಂಟ್ ಫ್ಲ್ಯಾಟ್ ಕೊಂಡಿದ್ದರು. ಇಬ್ಬರೂ 1970ರ ದಶಕದಲ್ಲಿ ಬಂದವರು, ಇಲ್ಲಿನ ನಾಗರಿಕರು. ಎರಡೂ ಮನೆಯ ಕಾಗದಪತ್ರ, ಓಡಾಟ ಎಲ್ಲ ನೋಡಿಕೊಂಡವಳು ನಾನೇ.

ನೋಡಲು ಚೆಂದ ಖಾಸಗಿಯದ್ದೇ. ಹೂವಿನ ತೋಟ, ಬಂದ ನೆಂಟರಿಗೆ ಬೇರೆ ಕೋಣೆ, ಕೈಯಲ್ಲಿ ದುಡ್ಡಿದ್ದರೆ ಬೇಗ ಸಿಗುತ್ತದೆ. ಕೌನ್ಸಿಲ್‌ನದ್ದಕ್ಕೆ ಅರ್ಜಿ ಹಾಕಿ ಸರದಿ ಕಾಯಬೇಕು. ಅಡುಗೆಮನೆ ಚಿಕ್ಕದು.

ದೊಡ್ಡಮ್ಮ ಅಲ್ಲಿ ಇರುವಷ್ಟು ದಿನ ಚೆನ್ನಾಗಿಯೇ ಇದ್ದರು. ತೊಂದರೆ ಶುರುವಾದದ್ದು ಅವರು ಮರೆವು ಹೆಚ್ಚಾಗಿ ಕೇರ್ ಹೋಮ್, ಅಂದರೆ ಹಗಲಿರುಳು ಆರೈಕೆ ಸಿಗುವ ವೃದ್ಧಾಶ್ರಮ, ಸೇರಿದ ಮೇಲೆ. ಫ್ಲ್ಯಾಟಿಗೆ ಬೀಗ ಬಿತ್ತು, ಆದರೆ ಸರ್ವಿಸ್ ಚಾರ್ಜ್ ನಿಲ್ಲಲಿಲ್ಲ. ಲಿಫ್ಟ್, ಕಾರಿಡಾರ್ ಕ್ಲೀನಿಂಗ್, ಮ್ಯಾನೇಜರ್ ಸಂಬಳ, ಕಟ್ಟಡದ ವಿಮೆ, ಎಲ್ಲದರಲ್ಲೂ ಅವರ ಪಾಲು ಕಟ್ಟುತ್ತಲೇ ಇರಬೇಕು, ಫ್ಲ್ಯಾಟ್ ಮಾರಿ ಹೋಗುವವರೆಗೆ.

ಮಾರಿಬಿಡೋಣ ಅಂದರೆ ಕೊಳ್ಳುವವರೇ ಇಲ್ಲ. 60 ದಾಟಿದವರು ಮಾತ್ರ ಅಲ್ಲಿ ಇರಬಹುದು ಅಂತ ಕರಾರಿನಲ್ಲೇ ಬರೆದಿದೆ. ಹಾಗಾಗಿ ಗಿರಾಕಿಗಳೇ ಕಮ್ಮಿ. ಬಾಡಿಗೆಗೆ ಕೊಡೋಣ ಅಂದರೆ ಕಂಪನಿಯ ಒಪ್ಪಿಗೆ ಬೇಕು. ಪಕ್ಕದಲ್ಲೇ ಅದೇ ಥರದ ಇನ್ನೂ ಕೆಲವು ಫ್ಲ್ಯಾಟ್‌ಗಳು ಮಾರಾಟಕ್ಕೆ ಕೂತಿದ್ದವು. ಬೆಲೆ ಇಳಿಸಿದೆವು, ಮತ್ತೆ ಇಳಿಸಿದೆವು. ಕೊನೆಗೆ ಮಾರಾಟವಾದಾಗ ಮಾರಿದ ಬೆಲೆಯಲ್ಲೂ ಕಂಪನಿಗೊಂದು ಪಾಲು ಹೋಯಿತು. ಅದೂ ಕರಾರಿನಲ್ಲಿ ಇತ್ತು, ಎಲ್ಲೋ ಒಳಗಿನ ಪುಟದಲ್ಲಿ.

ಇದರ ಜೊತೆಗೆ ಕೇರ್ ಹೋಮ್ ಬಿಲ್ಲು. ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಜಾಸ್ತಿ ಆಸ್ತಿ ಇದ್ದವರು ಕೇರ್ ಹೋಮ್ ಖರ್ಚನ್ನು ತಾವೇ ಪೂರ್ತಿ ಹಾಕಿಕೊಳ್ಳಬೇಕು. ಒಂಟಿಯಾಗಿ ಇದ್ದವರಾದರೆ ಸ್ವಂತ ಮನೆಯೂ ಆ ಲೆಕ್ಕಕ್ಕೆ ಸೇರುತ್ತದೆ. ಮೊದಲ 12 ವಾರ ಮಾತ್ರ ಮನೆಗೆ ವಿನಾಯಿತಿ. ಅಂದರೆ ಮಾರಾಟವಾಗದ ಫ್ಲ್ಯಾಟಿನಿಂದಾಗಿ ದೊಡ್ಡಮ್ಮ ಕಾಗದದ ಮೇಲೆ ಶ್ರೀಮಂತರು. ಆ ಹೊತ್ತಿಗೆ ಕೈಹಿಡಿದದ್ದೂ ಕೌನ್ಸಿಲ್ಲೇ. ಡಿಫರ್ಡ್ ಪೇಮೆಂಟ್ ಅಂತ ಒಂದು ಏರ್ಪಾಡಿದೆ: ಸದ್ಯಕ್ಕೆ ಕೌನ್ಸಿಲ್ ಹಣ ಕಟ್ಟುತ್ತದೆ, ಮನೆ ಮಾರಿದ ಮೇಲೆ ಬಡ್ಡಿ ಸೇರಿಸಿ ವಾಪಸ್ ಪಡೆಯುತ್ತದೆ. ಕೇಳಿದವರಿಗೆ ಮಾತ್ರ ಗೊತ್ತಾಗುವ ವಿಷಯ ಇದು, ಕೇಳಿ.

ಅತ್ತೆಯ ಮನೆಗೆ ಈ ತಲೆನೋವು ಯಾವುದೂ ಇಲ್ಲ. ಬಿಡಬೇಕೆಂದರೆ ಸಾಮಾನ್ಯವಾಗಿ 4 ವಾರದ ನೋಟಿಸ್, ಬೀಗದ ಕೈ ವಾಪಸ್, ಅಷ್ಟೇ. ಆ ಮನೆಗೆ ಮತ್ತೊಬ್ಬ ಅಜ್ಜನೋ ಅಜ್ಜಿಯೋ ಬರುತ್ತಾರೆ. 1980ರಲ್ಲಿ ಕೌನ್ಸಿಲ್ ಮನೆಗಳನ್ನು ಬಾಡಿಗೆದಾರರೇ ಕೊಂಡುಕೊಳ್ಳುವ ಹಕ್ಕು ಬಂದು ಲಕ್ಷಗಟ್ಟಲೆ ಮನೆ ಕೌನ್ಸಿಲ್‌ಗಳ ಕೈತಪ್ಪಿ ಹೋದವು. ಆದರೆ ಶೆಲ್ಟರ್ಡ್ ಮನೆಗಳನ್ನು ಆ ಹಕ್ಕಿನಿಂದ ಹೊರಗಿಟ್ಟಿದ್ದಾರೆ. ಅದಕ್ಕೇ ಅವು ಇವತ್ತಿಗೂ ಊರಿನ ಸೊತ್ತಾಗಿ ಉಳಿದಿವೆ. ಇನ್ನೂ ಒಂದು ಲಾಭ ಇದೆ. ಅತ್ತೆ ಮೊದಲಿದ್ದ ಮೂರು ಬೆಡ್‌ರೂಮಿನ ಕೌನ್ಸಿಲ್ ಮನೆ ಖಾಲಿಯಾಗಿ, ಈಗ ಅಲ್ಲಿ ಪುಟ್ಟ ಮಕ್ಕಳಿರುವ ಸಂಸಾರವೊಂದು ಇದೆ.

ಒಳಗಿನ ಅನುಕೂಲದಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಕೆಂಪು ದಾರ. ಪ್ರತಿ ಕೋಣೆಯಲ್ಲೂ, ಬಚ್ಚಲಲ್ಲೂ ಸೂರಿನಿಂದ ಇಳಿಬಿದ್ದಿರುತ್ತದೆ. ತುರ್ತು ಅಲಾರ್ಮ್ ಅದು. ಎಳೆದರೆ ಗೋಡೆಯ ಸ್ಪೀಕರ್‌ನಲ್ಲಿ ಸಹಾಯ ಕೇಂದ್ರದ ಒಬ್ಬರು ಮಾತಾಡುತ್ತಾರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ. ನೆಲ ಒರೆಸುವಾಗ ಅಡ್ಡ ಬರುತ್ತದೆ ಅಂತ ಅತ್ತೆ ಅದನ್ನು ಮೇಲೆ ಸುತ್ತಿ ಗಂಟು ಹಾಕಿದ್ದರು. ತಪಾಸಣೆಗೆ ಬಂದ ಕೌನ್ಸಿಲ್ ಹುಡುಗ ಮಂಡಿಯೂರಿ ಗಂಟು ಬಿಚ್ಚಿ, ದಾರದ ತುದಿ ನೆಲದ ಹತ್ತಿರ ಬರುವ ಹಾಗೆ ಬಿಟ್ಟ. "ಇದು ನಿಂತವರಿಗಲ್ಲ ಅಮ್ಮಾ, ಬಿದ್ದವರಿಗೆ" ಎಂದ. ಖಾಸಗಿ ಫ್ಲ್ಯಾಟಿನಲ್ಲೂ ದಾರ ಇತ್ತು. ಆದರೆ ಅದನ್ನು ಹೀಗೆ ಬಂದು ನೋಡಿದವರನ್ನು ನಾನು ಕಾಣಲಿಲ್ಲ. ಇಂಥ ಎಷ್ಟೋ ಅಲಾರ್ಮ್‌ಗಳು ನಡೆಯುವುದು ಫೋನ್ ಲೈನ್ ಮೇಲೆ. ಇಲ್ಲಿನ ಹಳೇ ಫೋನ್ ಲೈನ್‌ಗಳು 2027ರ ಜನವರಿಗೆ ಬಂದ್ ಆಗಲಿವೆ, ಅಲಾರ್ಮ್ ಡಿಜಿಟಲ್ ಆಗಿದೆಯಾ ಅಂತ ಎಲ್ಲೇ ಆದರೂ ವಿಚಾರಿಸಿ.

ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರ್ಮ್ ಕೂಗುತ್ತದೆ. ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆಗೆದರೆ ಸರಿಹೋಗುತ್ತದೆ.

ಹಿಂದೆ ಇಂಥ ಶೆಲ್ಟರ್ಡ್ ಕಟ್ಟಡಗಳಲ್ಲೇ ವಾರ್ಡನ್, ಅಂದರೆ ಅಲ್ಲಿನವರ ಯೋಗಕ್ಷೇಮ ನೋಡಿಕೊಳ್ಳುವವರು, ವಾಸ ಇರುತ್ತಿದ್ದರು. ಸರ್ಕಾರದ ಅನುದಾನ ಕಮ್ಮಿಯಾಗುತ್ತಾ ಬಂದು ಬಹಳ ಕಡೆ ಅದು ನಿಂತುಹೋಗಿದೆ. ಅತ್ತೆಗೂ ಈಗ ಬೆಳಿಗ್ಗೆ ಒಮ್ಮೆ ಹೇಗಿದ್ದೀರಿ ಅಂತ ವಿಚಾರಿಸುವುದು ಮಾತ್ರ. ಇದು ಕೊರತೆಯೇ. ಅದನ್ನು ತುಂಬಿಸುವುದು ಕೆಳಗಿನ ಕಾಮನ್ ರೂಮ್. ವಾರಕ್ಕೊಮ್ಮೆ ಅಲ್ಲಿ ಊಟ, ಸುತ್ತಲಿನ ಬೀದಿಯ ವಯಸ್ಸಾದವರೂ ಬರುತ್ತಾರೆ. ಗುಜರಾತಿ ಅಜ್ಜಿಯರು, ಜಮೈಕಾದಿಂದ ಬಂದ ಒಬ್ಬ ನಿವೃತ್ತ ಬಸ್ ಡ್ರೈವರ್, ಎಲ್ಲ ಅತ್ತೆಯ ಸ್ನೇಹಿತರು. ಒಂದು ದಿನ ಅತ್ತೆ ಕೆಳಗಿಳಿಯದಿದ್ದರೆ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ದುಡ್ಡಿನ ಮಾತು. ಅತ್ತೆಗೆ ಸರ್ಕಾರದ ಪಿಂಚಣಿ ಬಿಟ್ಟು ಬೇರೆ ಆದಾಯ ಇಲ್ಲ. ಬಾಡಿಗೆ, ಮೆಟ್ಟಿಲು ಕ್ಲೀನಿಂಗ್‌ನಂಥ ಖರ್ಚು ಹೌಸಿಂಗ್ ಬೆನಿಫಿಟ್‌ನಲ್ಲಿ, ಅಂದರೆ ಕಡಿಮೆ ಆದಾಯದವರಿಗೆ ಬಾಡಿಗೆಗೆ ಸಿಗುವ ಸರ್ಕಾರಿ ನೆರವಿನಲ್ಲಿ, ಹೋಗುತ್ತದೆ. ಅಲಾರ್ಮ್ ಶುಲ್ಕ ಅವರೇ ಕೊಡುತ್ತಾರೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದು ಪುಕ್ಕಟೆ, 1,000 ಪೌಂಡಿನವರೆಗಿನ ಸಣ್ಣ ಬದಲಾವಣೆಗೆ ಕೌನ್ಸಿಲ್ ದುಡ್ಡು ಕೇಳುವ ಹಾಗಿಲ್ಲ.

ಊರಿಂದ ವಿಸಿಟರ್ ವೀಸಾ ಮೇಲೆ ಬರುವ ಅಪ್ಪ ಅಮ್ಮನಿಗೆ ಕೌನ್ಸಿಲ್ ಮನೆ ಸಿಗುವುದಿಲ್ಲ, ಅದನ್ನು ಮೊದಲೇ ತಿಳಿದಿರಿ. ತುಂಬಾ ಹಣ ಇದ್ದು, ತೋಟ ಬೇಕೇ ಬೇಕು ಅನ್ನುವವರು ಖಾಸಗಿಯದ್ದಕ್ಕೆ ಹೋಗಬಹುದು, ಕೊಳ್ಳುವ ಬದಲು ಬಾಡಿಗೆಗೆ ಸಿಗುತ್ತದಾ ನೋಡಿ. ಅತ್ತೆಯಂತೆ ಜನರ ಜೊತೆ ಇರಲು ಇಷ್ಟಪಡುವ, ಲೆಕ್ಕ ಹಾಕಿ ಖರ್ಚು ಮಾಡುವವರಿಗೆ ಕೌನ್ಸಿಲ್ ಮನೆಯೇ ಸರಿ. ನಮ್ಮ ಚಿಕ್ಕಮಾವನಿಗೂ ಅಲ್ಲೇ ಅರ್ಜಿ ಹಾಕಿದ್ದೇವೆ, ನೆಲಮಹಡಿಯದ್ದೇ ಬೇಕು ಅಂತ ಬರೆದು.