ಲಾರಿಗೆ ನ್ಯಾಷನಲ್ ಪರ್ಮಿಟ್: ಪರಿವಾಹನ್ ಪೋರ್ಟಲ್ ಸೇವೆ ಹೇಗಿದೆ?

ಸರಕು ಲಾರಿಯನ್ನು ಹೊರ ರಾಜ್ಯಗಳಲ್ಲೂ ಓಡಿಸಲು ಬೇಕಾದ ಪರವಾನಗಿಯೇ ನ್ಯಾಷನಲ್ ಪರ್ಮಿಟ್. 2010ಕ್ಕೆ ಮೊದಲು ಇದಕ್ಕಾಗಿ ಓಡಿಸುವ ಒಂದೊಂದು ರಾಜ್ಯಕ್ಕೂ ಪ್ರತ್ಯೇಕ ಡಿಡಿ (ಬ್ಯಾಂಕ್ ಡಿಮ್ಯಾಂಡ್ ಡ್ರಾಫ್ಟ್) ತೆಗೆಸಬೇಕಿತ್ತು. ಈಗ ವರ್ಷಕ್ಕೆ ಎಲ್ಲ ರಾಜ್ಯಗಳಿಗೂ ಸೇರಿ ₹16,500 ಶುಲ್ಕ, ಜೊತೆಗೆ ಆಥರೈಸೇಷನ್‌ಗೆ (ಹೊರ ರಾಜ್ಯಗಳಲ್ಲಿ ಓಡಿಸಲು ಪರ್ಮಿಟ್ ಜೊತೆ ಪಡೆಯುವ ಅನುಮತಿ) ₹1,000 ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲ್‌ನಲ್ಲಿ ಕಟ್ಟಿದರೆ ದೇಶವೆಲ್ಲಾ ಓಡಾಡಬಹುದು. ಲಾರಿ ಮಾಲೀಕರಿಗೆ ಇದು ದೊಡ್ಡ ಅನುಕೂಲ. ಟೋಲ್ ಮಾತ್ರ ಇದರಲ್ಲಿ ಸೇರಿಲ್ಲ.

ಹೆಚ್ಚಿನವರು ಎಡವುವುದು ಅವಧಿಯ ವಿಷಯದಲ್ಲಿ. ಪರ್ಮಿಟ್ ಐದು ವರ್ಷದ್ದು, ಆಥರೈಸೇಷನ್ ಒಂದೇ ವರ್ಷದ್ದು. ಪರ್ಮಿಟ್ ಚಾಲ್ತಿಯಲ್ಲಿದೆ ಎಂದು ನಂಬಿ ಗಡಿ ದಾಟಿದ ಗಾಡಿ, ಆಥರೈಸೇಷನ್ ಮುಗಿದಿದ್ದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಎರಡೂ ತಾರೀಖನ್ನು ಬೇರೆ ಬೇರೆ ಬರೆದಿಟ್ಟುಕೊಳ್ಳಿ.

ಅರ್ಜಿ ಹಾಕುವ ಮುನ್ನ ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ), ಇನ್ಶೂರೆನ್ಸ್, ಎಮಿಷನ್, ರಸ್ತೆ ತೆರಿಗೆ ಎಲ್ಲವೂ ಚಾಲ್ತಿಯಲ್ಲಿರಲಿ. ಚಾಸಿ ನಂಬರಿನ ಕೊನೆಯ ಐದು ಅಂಕಿ ಕೈಯಲ್ಲಿರಲಿ. ಓಟಿಪಿ ಬರುವುದು ದಾಖಲೆಯಲ್ಲಿರುವ ಮೊಬೈಲಿಗೆ. ಸೆಕೆಂಡ್ ಹ್ಯಾಂಡ್ ಲಾರಿಯಾದರೆ ಹಳೆಯ ಮಾಲೀಕರ ನಂಬರೇ ಉಳಿದಿರಬಹುದು, ಹಾಗಿದ್ದರೆ ಮೊದಲು ಅದನ್ನು ಬದಲಿಸಿ.

ಪೋರ್ಟಲ್‌ನ ದುರ್ಬಲ ಭಾಗ ಪೇಮೆಂಟ್. ಖಾತೆಯಿಂದ ಹಣ ಹೋಗಿ ರಸೀದಿ ಬರದಿದ್ದರೆ ಮತ್ತೆ ಕಟ್ಟಲು ಹೋಗಬೇಡಿ. ಪೆಂಡಿಂಗ್ ಟ್ರಾನ್ಸಾಕ್ಷನ್ ತೆರೆದು ಸ್ಥಿತಿ ಪರಿಶೀಲಿಸಿ.

ಗಾಡಿಯ ವಯಸ್ಸನ್ನೂ ನೋಡಿಕೊಳ್ಳಿ: ಎರಡು ಆಕ್ಸಲ್ ಲಾರಿಗೆ 12 ವರ್ಷ, ಮಲ್ಟಿ ಆಕ್ಸಲ್‌ಗೆ (ಎರಡಕ್ಕಿಂತ ಹೆಚ್ಚು ಆಕ್ಸಲ್ ಇರುವುದಕ್ಕೆ) 15 ವರ್ಷ ಮಿತಿ. ಹೊರ ರಾಜ್ಯದ ಒಂದು ಊರಲ್ಲಿ ಲೋಡ್ ಹತ್ತಿಸಿ ಅದೇ ರಾಜ್ಯದ ಇನ್ನೊಂದು ಊರಲ್ಲಿ ಇಳಿಸಲು ಈ ಪರ್ಮಿಟ್ ನಡೆಯುವುದಿಲ್ಲ. ರಿಟರ್ನ್ ಲೋಡ್ ಒಪ್ಪಿಕೊಳ್ಳುವಾಗ ಚಾಲಕರಿಗೂ ಇದು ಗೊತ್ತಿರಬೇಕು.